ತುಪ್ಪ ಕುಡಿದು ಮಳೆ ನೋಡುವ ರಜೆ

ಜುಲೈ ತಿಂಗಳು, ಬೆಳಗಿನ ಆರು ಗಂಟೆ. ತಿರುವನಂತಪುರದಿಂದ ದಕ್ಷಿಣಕ್ಕೆ, ಕೋವಳಂ ದಾಟಿದ ಮೇಲೆ ಸಿಗುವ ಚೊವರದ ಕಡಲಂಚು. ರಾತ್ರಿಯಿಡೀ ಸುರಿದ ಮಳೆ ತೆಂಗಿನ ಗರಿಗಳಿಂದ ಇನ್ನೂ ತೊಟ್ಟಿಕ್ಕುತ್ತಿದೆ. ಕೆಳಗೆ ಸಮುದ್ರ ಕೆಂಬಣ್ಣಕ್ಕೆ ತಿರುಗಿ ಬಂಡೆಗಳಿಗೆ ಅಪ್ಪಳಿಸುತ್ತಿದೆ. ಹೆಂಚಿನ ಕಾಟೇಜುಗಳ ಜಗಲಿಯಲ್ಲಿ ಒಬ್ಬೊಬ್ಬರೇ ಕೂತಿದ್ದಾರೆ: ಹಸಿರು ಗೌನು ತೊಟ್ಟ ಜರ್ಮನ್ ಮಹಿಳೆ, ಲುಂಗಿ ಸುತ್ತಿಕೊಂಡ ಬೆಂಗಳೂರಿನ ಸಾಫ್ಟ್‌ವೇರ್ ಮ್ಯಾನೇಜರು, ಮಂಡಿನೋವಿನ ದಾವಣಗೆರೆ ಕಡೆಯ ನಿವೃತ್ತ ಮೇಷ್ಟ್ರು. ನರ್ಸ್ ಟ್ರೇ ಹಿಡಿದು ಬರುತ್ತಾರೆ. ಅದರಲ್ಲಿ ಪುಟ್ಟ ಲೋಟಗಳು. ಲೋಟದಲ್ಲಿ ಹಸಿರು ಛಾಯೆಯ, ಕಹಿ ವಾಸನೆಯ ಬಿಸಿ ತುಪ್ಪ.

ಮೂಗು ಮುಚ್ಚಿಕೊಂಡು ಒಂದೇ ಗುಟುಕಿಗೆ ಕುಡಿಯಬೇಕು. ಆಮೇಲೆ ಬಿಸಿನೀರು ಗುಟುಕರಿಸುತ್ತ ಕೂರಬೇಕು. ಕಾಫಿ ಇಲ್ಲ. ತಿಂಡಿ ಇಲ್ಲ. ತುಪ್ಪದ ತೇಗು ನಿಂತು ನಿಜವಾದ ಹಸಿವು ಕಾಣಿಸಿಕೊಂಡ ಮೇಲೆ ಗಂಜಿ. ನಾಳೆ ತುಪ್ಪದ ಪ್ರಮಾಣ ಇನ್ನಷ್ಟು ಹೆಚ್ಚುತ್ತದೆ.

ಇವರೆಲ್ಲ ದುಡ್ಡು ಕೊಟ್ಟು ರಜೆಗೆ ಬಂದವರು.

‘ಕೇರಳಕ್ಕೆ ಹೋಗಿ ನಾಲ್ಕು ದಿನ ಎಣ್ಣೆ ಹಚ್ಚಿಸಿಕೊಂಡು ಬರೋಣ’ ಎಂಬ ಮಾತು ನಮ್ಮ ಮನೆಗಳಲ್ಲಿ ಈಗ ಮಾಮೂಲು. ಐವತ್ತು ದಾಟಿದವರ ಹುಟ್ಟುಹಬ್ಬಕ್ಕೆ ಮಕ್ಕಳು ಆಯುರ್ವೇದ ರೆಸಾರ್ಟ್‌ನ ಪ್ಯಾಕೇಜ್ ಕೊಡಿಸುವುದೂ ಉಂಟು. ಅಲ್ಲಿ ನಡೆಯುವುದೇನು, ಯಾವ ಕಾಲಕ್ಕೆ ಹೋಗಬೇಕು, ಎಷ್ಟು ದಿನ ಇರಬೇಕು ಎಂದು ಕೇಳಿದರೆ ಮಾತ್ರ ಉತ್ತರ ಅರ್ಧಂಬರ್ಧ.

ಮಳೆಗಾಲವೇ ಏಕೆ?

ಹೋಟೆಲ್ ಉದ್ಯಮದ ಲೆಕ್ಕದಲ್ಲಿ ಮಳೆಗಾಲ ಸತ್ತ ಸೀಸನ್. ಕೇರಳದಲ್ಲಿ ಅದೇ ಚಿಕಿತ್ಸೆಯ ಕಾಲ. ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ಕರ್ಕಿಡಕಂ ತಿಂಗಳು ಮಲಯಾಳ ವರ್ಷದ ಕೊನೆಯ ತಿಂಗಳು. ಹಿಂದೆ ಇದು ಪಂಜದ, ಅಂದರೆ ಬರಗಾಲದ ತಿಂಗಳು. ಗದ್ದೆ ಕೆಲಸ ನಿಂತಿರುತ್ತಿತ್ತು, ಕಣಜ ತಳ ಕಂಡಿರುತ್ತಿತ್ತು, ಮೀನಿಗೆ ಕಡಲಿಗಿಳಿಯುವಂತಿರಲಿಲ್ಲ. ಮನೆಮನೆಯಲ್ಲಿ ಸಂಜೆ ಮಲಯಾಳ ಕವಿ ಎಳುತ್ತಚ್ಚನ್‌ರ ಅಧ್ಯಾತ್ಮ ರಾಮಾಯಣದ ಪಾರಾಯಣ, ಹೊಟ್ಟೆಗೆ ಮೆಂತೆ, ಜೀರಿಗೆ, ನಾನಾ ಬೇರು ಸೊಪ್ಪು ಹಾಕಿದ ಔಷಧಿ ಗಂಜಿ. ಉಳ್ಳವರ ಮನೆಯಲ್ಲಿ ಎಣ್ಣೆ ಉಪಚಾರ. ಕಳರಿ ಗರಡಿಗಳಲ್ಲಿ ಗುರುಗಳು ಶಿಷ್ಯರ ಮೈಯನ್ನು ಕಾಲಿನಿಂದ ತಿಕ್ಕುವ ಉಳಿಚ್ಚಿಲ್ ನಡೆಯುತ್ತಿದ್ದದ್ದೂ ಮಳೆಗಾಲದಲ್ಲೇ.

ಕರಾವಳಿಯ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇದೇ ತಿಂಗಳು ತುಳುನಾಡಿನಲ್ಲಿ ಆಟಿ. ಅಲ್ಲೂ ಅದೇ ಮಳೆ, ಅದೇ ಬಡತನ, ಅದೇ ಔಷಧಿ. ಆಟಿ ಅಮಾವಾಸ್ಯೆಯ ನಸುಕಿನಲ್ಲಿ ಕತ್ತಿ ತಾಗಿಸದೆ ಕಲ್ಲಿನಿಂದ ಜಜ್ಜಿ ತೆಗೆದ ಹಾಲೆಮರದ ತೊಗಟೆಯ ಕಹಿ ಕಷಾಯ ಕುಡಿದು, ಹಿಂದೆಯೇ ಮೆಂತೆ ಗಂಜಿ ಉಣ್ಣುವ ಪದ್ಧತಿ ಇಂದಿಗೂ ಇದೆ. ಎರಡೂ ಕಡೆಯ ಬೇರು ಒಂದೇ. ಒಂದು ಕಡೆ ಅದು ಮನೆಯ ಆಚರಣೆಯಾಗಿ ಉಳಿಯಿತು, ಇನ್ನೊಂದು ಕಡೆ ಉದ್ಯಮವಾಗಿ ಬೆಳೆಯಿತು.

‘ಮಳೆಗಾಲದಲ್ಲಿ ರೋಮರಂಧ್ರ ತೆರೆದುಕೊಂಡು ಎಣ್ಣೆ ಒಳಗಿಳಿಯುತ್ತದೆ’ ಎಂಬ ವಾಕ್ಯ ಪ್ರತಿ ರೆಸಾರ್ಟ್‌ನ ಕರಪತ್ರದಲ್ಲೂ ಇರುತ್ತದೆ. ಕೇರಳದ ವೈದ್ಯರು ಆಧಾರವಾಗಿಟ್ಟುಕೊಂಡಿರುವ ವಾಗ್ಭಟನ ಅಷ್ಟಾಂಗಹೃದಯ ಕೊಡುವ ಕಾರಣ ಬೇರೆ. ಬೇಸಿಗೆಯಲ್ಲಿ ಕೂಡಿದ ವಾತ ಮಳೆಗಾಲದಲ್ಲಿ ಕೆರಳುತ್ತದೆ, ಅದನ್ನು ಶ್ರಾವಣದಲ್ಲಿ ಹೊರಹಾಕಬೇಕು. ಪಿತ್ತವನ್ನು ಕಾರ್ತಿಕದಲ್ಲಿ, ಕಫವನ್ನು ಚೈತ್ರದಲ್ಲಿ. ಅಂದರೆ ಶಾಸ್ತ್ರದ ಪ್ರಕಾರವೂ ಮಳೆಗಾಲ ಎಲ್ಲ ಚಿಕಿತ್ಸೆಗೂ ಎಲ್ಲರಿಗೂ ಪ್ರಶಸ್ತ ಎಂದಿಲ್ಲ. ಸಂಧಿವಾತ, ಸೊಂಟನೋವಿನವರಿಗೆ ಅದು ಹೊಂದಬಹುದು. ಇನ್ನು ವ್ಯಾವಹಾರಿಕ ಕಾರಣ ಯಾರಿಗೂ ಹೊಳೆಯುವಂಥದ್ದು: ಸೆಕೆ ಇಲ್ಲ, ಧೂಳಿಲ್ಲ, ಹೊರಗೆ ಸುತ್ತುವ ಆಸೆ ಇಲ್ಲ. ಸುಮ್ಮನೆ ಬಿದ್ದಿರಲು ಇದಕ್ಕಿಂತ ಒಳ್ಳೆಯ ಹವೆ ಸಿಗದು.

ಮನುಷ್ಯರಿಗಷ್ಟೇ ಅಲ್ಲ, ಗುರುವಾಯೂರು ದೇವಸ್ಥಾನದ ಆನೆಗಳಿಗೂ ಪ್ರತಿ ಜುಲೈಯಲ್ಲಿ ಪುನ್ನತ್ತೂರು ಕೋಟೆಯ ಬಿಡಾರದಲ್ಲಿ ತಿಂಗಳ ಸುಖಚಿಕಿತ್ಸೆ ನಡೆಯುತ್ತದೆ. ಅನ್ನ, ಹೆಸರು, ಹುರುಳಿಯ ಜೊತೆ ಚ್ಯವನಪ್ರಾಶ ಕಲಸಿದ ದೊಡ್ಡ ದೊಡ್ಡ ಉಂಡೆಗಳು ಅವಕ್ಕೆ. ತಕರಾರಿಲ್ಲದೆ ಬಾಯಿ ತೆರೆಯುವ ರೋಗಿಗಳೆಂದರೆ ಬಹುಶಃ ಅವೇ.

ವೈದ್ಯರ ಮನೆಯಿಂದ ಕಡಲ ತೀರಕ್ಕೆ

ರೆಸಾರ್ಟ್ ಎಂಬುದು ಹೊಸದು, ಅದರ ಹಿಂದಿನ ವ್ಯವಸ್ಥೆ ಹಳೆಯದು. ಅಷ್ಟವೈದ್ಯರೆಂದು ಹೆಸರಾದ ನಂಬೂದಿರಿ ಮನೆತನಗಳ ಹಜಾರದಲ್ಲಿ ತಲೆಮಾರುಗಳಿಂದ ಚಿಕಿತ್ಸೆ ನಡೆದುಬಂದಿತ್ತು. ರೋಗಿ ಚೀಟಿ ಬರೆಸಿಕೊಂಡು ಹೋಗಿ, ಬೇರು ನಾರು ಹೊಂದಿಸಿ, ಮನೆಯಲ್ಲೇ ದಿನಾ ಕಷಾಯ ಕುದಿಸಿಕೊಳ್ಳಬೇಕಿತ್ತು. ಇದನ್ನು ಬದಲಿಸಿದವರು ವೈದ್ಯರತ್ನಂ ಪಿ.ಎಸ್. ವಾರಿಯರ್. 1902ರಲ್ಲಿ ಅವರು ಮಲಪ್ಪುರಂ ಸೀಮೆಯ ಕೋಟ್ಟಕ್ಕಲ್‌ನಲ್ಲಿ ಆರ್ಯವೈದ್ಯಶಾಲೆ ಶುರು ಮಾಡಿ, ಕಷಾಯ ತೈಲಗಳನ್ನು ಸಿದ್ಧರೂಪದಲ್ಲಿ ಬಾಟಲಿಗೆ ತುಂಬಿ ಕೊಡತೊಡಗಿದರು. ಔಷಧಿ ಊರು ದಾಟಿತು, ಹಿಂದೆಯೇ ರೋಗಿಗಳು ಕೋಟ್ಟಕ್ಕಲ್‌ಗೆ ಬಂದರು. ಅವರ ಸೋದರಳಿಯ ಪಿ.ಕೆ. ವಾರಿಯರ್ ಈ ಸಂಸ್ಥೆಯನ್ನು ಅರ್ಧ ಶತಮಾನಕ್ಕೂ ಮಿಕ್ಕಿ ನಡೆಸಿ, 2021ರಲ್ಲಿ ತುಂಬಿದ ನೂರರ ವಯಸ್ಸಿನಲ್ಲಿ ತೀರಿಕೊಂಡರು. ಅಲ್ಲಿ ಇಂದಿಗೂ ಆಸ್ಪತ್ರೆಯ ವಾತಾವರಣವೇ ಹೆಚ್ಚು. ಈಜುಕೊಳ ಹುಡುಕಿಕೊಂಡು ಯಾರೂ ಹೋಗುವುದಿಲ್ಲ.

ಕಡಲ ತೀರದ ಕಥೆ ಬೇರೆ. 1970ರ ದಶಕದಲ್ಲಿ ಹಿಪ್ಪಿಗಳ ಮೂಲಕ ಕೋವಳಂ ಹೊರಜಗತ್ತಿಗೆ ಪರಿಚಯವಾಯಿತು. ಚಾರ್ಲ್ಸ್ ಕೊರಿಯಾ ವಿನ್ಯಾಸದ ಸರ್ಕಾರಿ ಹೋಟೆಲ್ ಅಲ್ಲಿನ ಗುಡ್ಡದ ಇಳಿಜಾರಿನಲ್ಲಿ ಎದ್ದಿತು. ಬಿಸಿಲು ಕಾಯಲು ಬಂದ ಯುರೋಪಿನವರಿಗೆ ಎಣ್ಣೆ ತಿಕ್ಕುವ ಅಂಗಡಿಗಳು ಹುಟ್ಟಿಕೊಂಡವು. 1980ರ ದಶಕದ ಮಧ್ಯದಲ್ಲಿ ಚೊವರದಲ್ಲಿ ಶುರುವಾದ ಸೋಮತೀರಂ ತಾನು ಜಗತ್ತಿನ ಮೊದಲ ಆಯುರ್ವೇದ ರೆಸಾರ್ಟ್ ಎಂದು ಹೇಳಿಕೊಳ್ಳುತ್ತದೆ: ವೈದ್ಯರ ಕೋಣೆ, ಎಣ್ಣೆಮನೆ, ಗಂಜಿ, ಕಡಲು, ಎಲ್ಲವೂ ಒಂದೇ ಕಾಂಪೌಂಡಿನೊಳಗೆ. ಆ ಮಾದರಿ ವರ್ಕಲ, ಮಾರಾರಿ, ಕುಮರಕಂ ತನಕ ಹಬ್ಬಿತು. ಕೇಂದ್ರ ಸರ್ಕಾರ 2023ರಲ್ಲಿ ಇಂಥ ಚಿಕಿತ್ಸೆಗೆ ಬರುವ ವಿದೇಶಿಯರಿಗೆಂದೇ ಆಯುಷ್ ವೀಸಾ ತಂದಿತು.

ದ್ರೋಣಿಯ ಮೇಲೆ

ಚಿಕಿತ್ಸಾ ಕೋಣೆಯ ನಡುವೆ ದ್ರೋಣಿ. ಆಳುದ್ದದ ಮರದ ಹಾಸು, ಸುತ್ತ ಎತ್ತರದ ಅಂಚು, ಎಣ್ಣೆ ಹರಿದು ಹೋಗಲು ಕೊರೆದ ಕಾಲುವೆ, ಕಾಲ ಬುಡದಲ್ಲಿ ತೂತು. ವರ್ಷಗಟ್ಟಲೆ ಎಣ್ಣೆ ಕುಡಿದ ಮರ ಕಪ್ಪಗೆ ಹೊಳೆಯುತ್ತದೆ. ಹತ್ತುವಾಗ ಜಾರುತ್ತದೆ, ಹಾಗಾಗಿ ಇಬ್ಬರು ತೋಳು ಹಿಡಿದೇ ಮಲಗಿಸುತ್ತಾರೆ. ಗಂಡಸರಿಗೆ ಗಂಡಸರು, ಹೆಂಗಸರಿಗೆ ಹೆಂಗಸರು. ಕೇರಳ ಪ್ರವಾಸೋದ್ಯಮ ಇಲಾಖೆಯ ಮಾನ್ಯತೆಗೆ ಇದು ಕಡ್ಡಾಯ. ಬೇರೆ ರೀತಿ ಹೇಳುವ ಕಡೆ ಮೆಟ್ಟಿಲು ಹತ್ತದಿರುವುದೇ ಲೇಸು.

ಪಿಳಿಚ್ಚಿಲ್ ಅನ್ನು ನೋಡಿ. ಎರಡೂ ಬದಿಗೆ ಇಬ್ಬರು ನಿಂತು, ಬೆಚ್ಚಗಿನ ತೈಲದಲ್ಲಿ ಬಟ್ಟೆ ಅದ್ದಿ, ಹೆಬ್ಬೆರಳ ತುದಿಯಿಂದ ಎಣ್ಣೆ ಧಾರೆಯಾಗಿ ಇಳಿಯುವಂತೆ ಹಿಂಡುತ್ತಾರೆ. ಇನ್ನೊಂದು ಕೈ ಮೈ ತಿಕ್ಕುತ್ತಿರುತ್ತದೆ. ಹರಿದ ಎಣ್ಣೆ ತೂತಿನಿಂದ ಪಾತ್ರೆಗೆ ಇಳಿಯುತ್ತದೆ, ಮತ್ತೆ ಬಿಸಿಯಾಗಿ ಬರುತ್ತದೆ. ಸುಮಾರು ಒಂದು ತಾಸು ಎಣ್ಣೆಯ ಶಾಖ ಏರುವಂತಿಲ್ಲ, ಇಳಿಯುವಂತಿಲ್ಲ. ಬಲಗೈಯ ವೇಗ ಎಡಗೈಗೆ ಹೊಂದಬೇಕು. ರೋಗಿ ಮಲಗಿರುತ್ತಾನೆ, ಬೆವರು ಹರಿಯುವುದು ತಿಕ್ಕುವವರದ್ದು. ದಿನಕ್ಕೆ ನಾಲ್ಕೈದು ಮೈಗಳನ್ನು ತಿಕ್ಕುವ ಈ ಹುಡುಗ ಹುಡುಗಿಯರ ಬೆನ್ನು ಮಣಿಕಟ್ಟಿನ ನೋವಿಗೆ ಯಾರು ಧಾರೆ ಎರೆಯುತ್ತಾರೋ ಗೊತ್ತಿಲ್ಲ. ಕೈ ಪಳಗಿದವರು ಗಲ್ಫ್‌ಗೋ ಯುರೋಪಿಗೋ ಹೊರಟುಬಿಡುತ್ತಾರೆ, ಮಾಲೀಕರು ಹೊಸಬರನ್ನು ಹುಡುಕುತ್ತಾರೆ.

ಎಲೆಕ್ಕಿಳಿಯಲ್ಲಿ ಬಳಸುವ ಎಲೆಗಳು ನಮ್ಮ ಹಿತ್ತಿಲಿನವೇ: ಲಕ್ಕಿ, ಎಕ್ಕ, ಹರಳು, ನುಗ್ಗೆ, ಹುಣಸೆ. ಕತ್ತರಿಸಿ, ತೆಂಗಿನತುರಿ, ನಿಂಬೆಹೋಳಿನ ಜೊತೆ ಎಣ್ಣೆಯಲ್ಲಿ ಹುರಿದು, ಬಟ್ಟೆಯಲ್ಲಿ ಗಂಟು ಕಟ್ಟಿ ನೋವಿದ್ದಲ್ಲಿ ಬಡಿಯುತ್ತಾರೆ. ಕೋಣೆಯ ತುಂಬ ಒಗ್ಗರಣೆಯ ಘಮ. ನವರಕ್ಕಿಳಿಗೆ ಅರವತ್ತು ದಿನಕ್ಕೆ ಕೊಯ್ಲಾಗುವ ನವರ ಅಕ್ಕಿಯನ್ನು ಹಾಲು, ಕುರುಂತೋಟಿ ಬೇರಿನ ಕಷಾಯದಲ್ಲಿ ಬೇಯಿಸಿ ಗಂಟು ಕಟ್ಟುತ್ತಾರೆ. ಪಾಲಕ್ಕಾಡ್ ಸೀಮೆಯ ಈ ಅಕ್ಕಿಗೆ ಭೌಗೋಳಿಕ ಸೂಚ್ಯಂಕದ ಮಾನ್ಯತೆಯೂ ಇದೆ. ಮೈಮೇಲೆ ಸವರಿ ಸವರಿ ಕೊನೆಗೆ ರೋಗಿ ಗಂಜಿಯಲ್ಲಿ ಅದ್ದಿ ತೆಗೆದಂತಾಗುತ್ತಾನೆ.

ಶಿರೋಧಾರೆಯ ಫೋಟೊ ಎಲ್ಲರೂ ನೋಡಿದ್ದೇ. ಹಣೆಯಿಂದ ನಾಲ್ಕು ಬೆರಳು ಎತ್ತರದಲ್ಲಿ ತೂಗುವ ಪಾತ್ರೆ, ಅದರ ಬತ್ತಿಯಿಂದ ಇಳಿಯುವ ಎಣ್ಣೆಯ ಎಳೆ, ಹಣೆಯ ಈ ಬದಿಯಿಂದ ಆ ಬದಿಗೆ ಅದನ್ನು ತೂಗುವ ಕೈ. ಮುಕ್ಕಾಲು ತಾಸು ಇದು ನಡೆದರೆ ಹೆಚ್ಚಿನವರು ಗೊರಕೆ ಹೊಡೆಯುತ್ತಿರುತ್ತಾರೆ. ಫೋಟೊದಲ್ಲಿ ಬಾರದ್ದು ಆಮೇಲಿನದು: ಹೆಸರುಹಿಟ್ಟಿನಲ್ಲಿ ಎಣ್ಣೆ ತೆಗೆದು, ಬಿಸಿನೀರು ಹೊಯ್ದು, ತಲೆ ಒರೆಸಿದ ತಕ್ಷಣ ನೆತ್ತಿಗೆ ಚಿಟಿಕೆ ರಾಸ್ನಾದಿ ಚೂರ್ಣ ಹಾಕಿ ತಿಕ್ಕುತ್ತಾರೆ. ನೆಗಡಿ ಬಾರದಿರಲಿ ಎಂದು. ಇದನ್ನು ಮರೆಯದ ಕೇಂದ್ರದಲ್ಲಿ ಉಳಿದದ್ದೂ ಸರಿಯಾಗಿರುತ್ತದೆ ಎಂಬುದು ಅಲ್ಲಿ ಓಡಾಡಿದವರ ಅಂದಾಜು.

ದಿನಗಳ ಲೆಕ್ಕ

ಇಷ್ಟರಲ್ಲಿ ಯಾವುದೂ ಪಂಚಕರ್ಮ ಅಲ್ಲ. ಇಲ್ಲೇ ಹೆಚ್ಚಿನವರು ಎಡವುವುದು. ಎಣ್ಣೆ ಹಚ್ಚುವುದು, ಬೆವರಿಸುವುದು ಪೂರ್ವತಯಾರಿ. ಪಿಳಿಚ್ಚಿಲ್, ನವರಕ್ಕಿಳಿ, ಧಾರೆಗಳು ಕೇರಳ ತಾನೇ ಬೆಳೆಸಿಕೊಂಡ ಉಪಚಾರಗಳು. ಪಂಚಕರ್ಮ ಎಂದರೆ ವಮನ, ವಿರೇಚನ, ಬಸ್ತಿ, ನಸ್ಯ, ರಕ್ತಮೋಕ್ಷಣ. ವಾಂತಿ, ಭೇದಿ, ಎನಿಮಾ ಎಂದು ಕರಪತ್ರದಲ್ಲಿ ಬರೆದರೆ ಯಾರು ಬಂದಾರು?

ಒಂದು ವಿರೇಚನಕ್ಕೆ ಬೇಕಾದ ದಿನಗಳನ್ನು ಕೂಡಿಸೋಣ. ಆರಂಭದ ದೃಶ್ಯದಲ್ಲಿ ಕಂಡ ತುಪ್ಪ ಕುಡಿಯುವುದು ಮೂರರಿಂದ ಏಳು ದಿನ. ಮೈಯಲ್ಲಿ ಜಿಡ್ಡು ಕಾಣಿಸಿಕೊಂಡ ಮೇಲೆ ಎಣ್ಣೆ, ಬೆವರು ಮೂರು ದಿನ. ಆಮೇಲೆ ಭೇದಿಯ ದಿನ. ಬೆಳಿಗ್ಗೆ ಔಷಧಿ ಕೊಟ್ಟರೆ ಮಧ್ಯಾಹ್ನದವರೆಗೆ ಕೋಣೆ ಬಿಟ್ಟು ಹೊರಬರುವಂತಿಲ್ಲ. ನರ್ಸ್ ಪ್ರತಿ ಸಲದ ಲೆಕ್ಕ ಬರೆದುಕೊಳ್ಳುತ್ತಾರೆ, ನಾಡಿ, ರಕ್ತದೊತ್ತಡ ನೋಡುತ್ತಾರೆ. ಸಂಜೆಗೆ ತಿಳಿ ಗಂಜಿ. ಅಲ್ಲಿಂದ ತಿಳಿ ಗಂಜಿ, ಗಟ್ಟಿ ಗಂಜಿ, ಹೆಸರುಕಟ್ಟು, ಮೆತ್ತಗಿನ ಅನ್ನ ಎಂದು ಮೂರರಿಂದ ಏಳು ದಿನದಲ್ಲಿ ಮಾಮೂಲಿ ಊಟಕ್ಕೆ ಬರಬೇಕು. ಕಡಿಮೆಯೆಂದರೆ 10 ದಿನ, ಸರಿಯಾಗಿ ಮಾಡಿದರೆ 18. ‘ಐದು ದಿನದ ಪಂಚಕರ್ಮ’ ಎಂಬ ಬೋರ್ಡು ಕಂಡರೆ ಒಳಗಿರುವುದು ಮಸಾಜ್ ಎಂದು ತಿಳಿಯಬಹುದು. ಮಸಾಜ್ ಕೆಟ್ಟದ್ದೇನಲ್ಲ, ಬೆಲೆ ಮಸಾಜಿನದ್ದಾಗಿದ್ದರೆ.

ಮನೆಗೆ ಬಂದ ಮೇಲೂ ಮುಗಿಯುವುದಿಲ್ಲ. ಚಿಕಿತ್ಸೆ ಎಷ್ಟು ದಿನವೋ ಅಷ್ಟೇ ದಿನ ಮಿತ ಊಟ, ಮಿತ ಓಡಾಟದ ಪಥ್ಯ ಇರಬೇಕೆನ್ನುತ್ತಾರೆ. ಮಲಯಾಳಿಗಳು ಇದನ್ನು ನಲ್ಲಿರಿಕ್ಕ ಎನ್ನುತ್ತಾರೆ. ಭಾನುವಾರ ರಾತ್ರಿ ಬಸ್ ಹತ್ತಿ ಸೋಮವಾರ ಆಫೀಸಿನಲ್ಲಿ ಬಿರಿಯಾನಿ ತಿನ್ನುವವರಿಗೆ ಈ ಭಾಗವನ್ನು ಯಾರೂ ಹೇಳಿರುವುದಿಲ್ಲ.

ಕಡಲು ಪಕ್ಕದಲ್ಲೇ, ಇಳಿಯುವಂತಿಲ್ಲ

ಕಡಲ ತೀರದ ರೆಸಾರ್ಟ್ ಎಂದರೆ ರಜೆ ಮತ್ತು ಚಿಕಿತ್ಸೆ ಒಂದೇ ಸೂರಿನಡಿ ಜಗಳವಾಡುವ ಜಾಗ. ರೆಸಾರ್ಟ್‌ನ ಜಾಹೀರಾತು ತೋರಿಸುವುದು ನೀಲಿ ಕಡಲು, ಎಳನೀರು, ಮಧ್ಯಾಹ್ನದ ಜೋಕಾಲಿ ನಿದ್ದೆ. ವೈದ್ಯರ ಚೀಟಿ ಹೇಳುವುದು: ಸಮುದ್ರಸ್ನಾನ ಬೇಡ, ತಣ್ಣೀರು ಬೇಡ, ಬಿಸಿಲಿಗೆ ಹೋಗಬೇಡಿ, ಎ.ಸಿ. ಹಾಕಬೇಡಿ, ಹಗಲು ನಿದ್ದೆ ಮಾಡಲೇಬೇಡಿ. ಮೀನಿನ ಊರಿನಲ್ಲಿ ಕೂತು ಸೌತೆಕಾಯಿ ಪಲ್ಯ ತಿನ್ನಬೇಕು. ಪಾಲಕ್ಕಾಡ್ ಜಿಲ್ಲೆಯ ಕೊಲ್ಲಂಗೋಡಿನ ಹಳೆಯ ಅರಮನೆಯಲ್ಲಿ ಶುರುವಾದ ಕಳರಿ ಕೋವಿಲಕಂ ಹೆಸರಾದದ್ದೇ ಇಂಥ ಕಟ್ಟುನಿಟ್ಟಿಗೆ: ಚರ್ಮದ ಚಪ್ಪಲಿ ಗೇಟಿನಲ್ಲೇ ಬಿಡಬೇಕು, ಅವರು ಕೊಡುವ ಬಿಳಿ ಹತ್ತಿ ಬಟ್ಟೆ ತೊಡಬೇಕು, ಸಸ್ಯಾಹಾರ ಮಾತ್ರ, ಮದ್ಯವಿಲ್ಲ.

ಅತಿಥಿಗೆ ಬೇಸರವಾದರೆ ವ್ಯಾಪಾರ ಹೋಗುತ್ತದೆ, ನಿಯಮ ಸಡಿಲಿಸಿದರೆ ಚಿಕಿತ್ಸೆ ಹೋಗುತ್ತದೆ. ಹೆಚ್ಚಿನ ರೆಸಾರ್ಟ್‌ಗಳು ನಡುದಾರಿ ಹಿಡಿದಿವೆ. ಗಂಡನಿಗೆ ಬೀಚು, ಹೆಂಡತಿಗೆ ಧಾರೆ ಎಂದು ಹಂಚಿಕೊಳ್ಳುವ ಜೋಡಿಗಳೂ ಉಂಟು. ನನ್ನ ಅಭಿಪ್ರಾಯದಲ್ಲಿ ನಿಜವಾದ ರೋಗಕ್ಕೆ ಹೋಗುವವರು ರೆಸಾರ್ಟ್ ಬಿಟ್ಟು ಆಸ್ಪತ್ರೆಗೆ ಹೋಗುವುದು ವಾಸಿ. ಉಡುಪಿಯ ಕುತ್ಪಾಡಿಯಲ್ಲಿ 1958ರಿಂದ ಆಯುರ್ವೇದ ಕಾಲೇಜಿದೆ, ಅಲ್ಲಿ ಆಸ್ಪತ್ರೆಯೂ ಇದೆ. ಇನ್ನು ಧರ್ಮಸ್ಥಳದ ಶಾಂತಿವನ, ಬೆಂಗಳೂರಿನ ಜಿಂದಾಲ್‌ನಂಥವು ಪ್ರಕೃತಿ ಚಿಕಿತ್ಸೆಯ ಜಾಗಗಳು; ಅಲ್ಲಿ ಮಣ್ಣು, ನೀರು, ಉಪವಾಸ ಮುಖ್ಯ, ತುಪ್ಪ ಕುಡಿಸುವುದಿಲ್ಲ. ಎರಡನ್ನೂ ಒಂದೇ ಎಂದುಕೊಂಡು ಹೋಗಿ ಪೇಚಾಡಿದವರು ಬಹಳ.

ಗುಣ ಎಷ್ಟು, ಯಾವುದರಿಂದ?

ಎರಡು ಮೂರು ವಾರ ಇದ್ದು ಬಂದವರ ಮುಖದಲ್ಲಿ ಕಳೆ ಇರುವುದು ಸುಳ್ಳಲ್ಲ. ಯಾವುದರಿಂದ ಬಂತು ಎಂದು ಬಿಡಿಸುವುದು ಕಷ್ಟ. ಒಂಬತ್ತಕ್ಕೆ ನಿದ್ದೆ, ಮೊಬೈಲ್ ಇಲ್ಲ, ಕುಡಿತವಿಲ್ಲ, ಹೊತ್ತಿಗೆ ಸರಿಯಾಗಿ ಹಗುರ ಊಟ, ದಿನಕ್ಕೊಂದು ತಾಸು ಮಮತೆಯ ಕೈ. ಇವಿಷ್ಟೇ ಅರ್ಧ ಕೆಲಸ ಮಾಡಿರಬಹುದು. ಇಳಿದ ತೂಕ ಮನೆಯೂಟಕ್ಕೆ ಮರಳುತ್ತದೆ. ಸಕ್ಕರೆ ಕಾಯಿಲೆಯ ಮಾತ್ರೆಯನ್ನು ಅಲ್ಲಿ ನಿಲ್ಲಿಸಿ, ಇಲ್ಲಿ ಬಂದು ಆಸ್ಪತ್ರೆ ಸೇರುವಂತಾಗಬಾರದು. ಹೃದ್ರೋಗಿಗಳಿಗೆ ಆವಿಸ್ನಾನ, ಮಧುಮೇಹಿಗಳಿಗೆ ತುಪ್ಪದ ಉಪವಾಸ, ಗರ್ಭಿಣಿಯರಿಗೆ ವಿರೇಚನ ಅಪಾಯ. ಮುಟ್ಟಿನ ದಿನಗಳಲ್ಲಿ ಚಿಕಿತ್ಸೆ ನಿಲ್ಲಿಸುತ್ತಾರೆ, ಹೆಂಗಸರು ದಿನಾಂಕ ನೋಡಿಕೊಂಡು ಬುಕ್ ಮಾಡಬೇಕು.

ಹೊರಡುವಾಗ ಕೈಗಿಡುವ ಔಷಧಿ ಚೀಲದ ಬಗ್ಗೆಯೂ ಒಂದು ಮಾತು. ಅಮೆರಿಕದ ವೈದ್ಯ ಪತ್ರಿಕೆ ಜಾಮಾದಲ್ಲಿ 2004ರಲ್ಲಿ ಬಂದ ವರದಿಯೊಂದರಲ್ಲಿ, ಬಾಸ್ಟನ್ ಸುತ್ತಲಿನ ಅಂಗಡಿಗಳಿಂದ ತಂದ 70 ಆಯುರ್ವೇದ ಉತ್ಪನ್ನಗಳಲ್ಲಿ 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತ್ತು. ಕೇರಳದ ಪರಂಪರೆ ಭಸ್ಮಗಳಿಗಿಂತ ಕಷಾಯ, ತೈಲಗಳನ್ನೇ ಹೆಚ್ಚು ನೆಚ್ಚಿದ್ದರೂ ಲೇಬಲ್ ಇಲ್ಲದ ಪೊಟ್ಟಣವನ್ನು ಅಲ್ಲೇ ಬಿಟ್ಟು ಬರಬೇಕು.

ಬೇಡಿಕೆಯ ಬಿಸಿ ಕಾಡಿಗೂ ತಟ್ಟಿದೆ. ದಶಮೂಲ ಔಷಧಿಯ ಹತ್ತು ಬೇರುಗಳಲ್ಲಿ ಐದು ಬಿಲ್ವ, ಶಿವನಿ, ಪಾದರಿಯಂಥ ಮರಗಳವು. ಬೇರು ಅಗೆದರೆ ಮರವೇ ಹೋಯಿತು. ವಾತಕ್ಕೆ ಮದ್ದಾದ ಕುರುಂತೋಟಿಗೇ ವಾತ ಬಡಿಯಿತೇ ಎಂಬ ಗಾದೆ ಮಲಯಾಳಿಗಳಲ್ಲಿದೆ. ಕಾಡಿನಲ್ಲಿ ಅದು ವಿರಳವಾಗಿ, ತ್ರಿಶೂರಿನ ಮಟ್ಟತ್ತೂರಿನಲ್ಲಿ ಸಹಕಾರ ಸಂಘವೊಂದು ಬೆಳೆಯಾಗಿ ಬೆಳೆಸುವ ಕೆಲಸಕ್ಕೆ ಇಳಿಯಬೇಕಾಯಿತು.

ಬುಕ್ ಮಾಡುವ ಮುನ್ನ

ಫೋನ್ ಮಾಡಿದಾಗ ಕೋಣೆಯ ಬಾಡಿಗೆ ಕೇಳುವ ಮೊದಲು ವೈದ್ಯರ ಹೆಸರು, ಪದವಿ, ನೋಂದಣಿ ಸಂಖ್ಯೆ ಕೇಳಿ. ವೈದ್ಯರು ನಿಮ್ಮನ್ನು ನೋಡುವ ಮುಂಚೆಯೇ ಚಿಕಿತ್ಸೆಯ ಪಟ್ಟಿ ಕಳಿಸುವ ಜಾಗ ಬೇಡ. ಕೇರಳ ಪ್ರವಾಸೋದ್ಯಮ ಇಲಾಖೆ ಬೇರೆ ಬೇರೆ ದರ್ಜೆಗಳಲ್ಲಿ ಕೇಂದ್ರಗಳಿಗೆ ಮಾನ್ಯತೆ ಕೊಡುತ್ತ ಬಂದಿದೆ. ಆಸ್ಪತ್ರೆಗಳಾದರೆ ರಾಷ್ಟ್ರೀಯ ಆಸ್ಪತ್ರೆ ಮಾನ್ಯತಾ ಮಂಡಳಿಯ (ಎನ್‌ಎಬಿಎಚ್) ಮಾನ್ಯತೆ ಇದೆಯೇ ನೋಡಬಹುದು. ಪಿಳಿಚ್ಚಿಲ್‌ನ ಎಣ್ಣೆಯನ್ನು ಒಬ್ಬರಿಗೇ ಕೆಲವು ದಿನ ಬಳಸುವ ಕ್ರಮವಿದೆ, ಇನ್ನೊಬ್ಬರಿಗೆ ಬಳಸುವಂತಿಲ್ಲ. ನಿಮ್ಮ ಎಣ್ಣೆಗೆ ನಿಮ್ಮ ಹೆಸರಿನ ಚೀಟಿ ಇದೆಯೇ ಎಂದು ನಾಚಿಕೆಯಿಲ್ಲದೆ ಕೇಳಿ. ನೀವು ಈಗ ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಪಟ್ಟಿ ಜೊತೆಗಿರಲಿ.

ವಿಮೆಯನ್ನು ನೆಚ್ಚಬೇಡಿ. ಆಯುಷ್ ಆಸ್ಪತ್ರೆಗೆ ದಾಖಲಾದರೆ ಈಗ ಪಾಲಿಸಿಗಳು ಖರ್ಚು ಭರಿಸುತ್ತವೆ. ಆದರೆ ಸ್ಪಾ, ಪ್ರಕೃತಿ ಚಿಕಿತ್ಸಾ ಕ್ಲಿನಿಕ್ ಮತ್ತು ಅಂಥ ಜಾಗಗಳ ಖರ್ಚು ವಿಮಾ ನಿಯಂತ್ರಕರ ಪ್ರಮಾಣಿತ ಹೊರಗಿಡುವಿಕೆಗಳ ಪಟ್ಟಿಯಲ್ಲೇ ಇದೆ.

ಮೂರೇ ದಿನ ರಜೆ ಇದ್ದರೆ ಒಂದು ಒಳ್ಳೆಯ ಅಭ್ಯಂಗ ಮಾಡಿಸಿಕೊಳ್ಳಿ, ಮೀನೂಟ ಮಾಡಿ, ಮಳೆಯಲ್ಲಿ ಕಡಲು ನೋಡಿ ಬನ್ನಿ. ಪಂಚಕರ್ಮದ ಹೆಸರಿಗೆ ದುಡ್ಡು ಕೊಡಬೇಡಿ.